ದೂರು ಹೇಳಿಕೊಳ್ಳಲು ಕಲಿಸಿದ ಕೀರ್ತನೆಗಳು

2021ರ ಮೇ ತಿಂಗಳಲ್ಲಿ ನನ್ನ ಅಣ್ಣ ತೀರಿಕೊಂಡ ಮೇಲೆ ಬಹುಕಾಲ ನನಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ದೇವರಿಲ್ಲ ಎಂದು ನಾನು ತೀರ್ಮಾನಿಸಿರಲಿಲ್ಲ. ಹಾಗೆ ತೀರ್ಮಾನಿಸುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದೂ ನನ್ನಲ್ಲಿ ಉಳಿದಿರಲಿಲ್ಲ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಹೆಂಡತಿ ಮಕ್ಕಳು ಕಣ್ಣು ಮುಚ್ಚುವಾಗ ನಾನು ಗೋಡೆಯನ್ನು ನೋಡುತ್ತ ಕುಳಿತಿರುತ್ತಿದ್ದೆ. ಆ ಸ್ಥಿತಿಯಿಂದ ಹೊರಗೆ ಬಂದ ಬಗೆಯನ್ನು ಬರೆಯಬೇಕೆಂದು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಕೇಳಿದಾಗ ಮೊದಲು ಹಿಂಜರಿದೆ. ಇಂಥ ಸಾಕ್ಷಿಗಳು ನಮ್ಮಲ್ಲಿ ಸಾಮಾನ್ಯವಾಗಿ ಒಂದು ರಾತ್ರಿಯ ಕಣ್ಣೀರಿನಲ್ಲಿ ಆರಂಭವಾಗಿ ಮರುದಿನದ ಅದ್ಭುತದಲ್ಲಿ ಮುಗಿಯುತ್ತವೆ. ನನ್ನ ವಿಷಯದಲ್ಲಿ ಅಂಥದ್ದೇನೂ ನಡೆಯಲಿಲ್ಲ.

ನಮ್ಮ ಮನೆತನಕ್ಕೂ ಅಚ್ಚಿನ ಕೆಲಸಕ್ಕೂ ಮೂರು ತಲೆಮಾರಿನ ನಂಟು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ 1843ರಲ್ಲಿಯೂ ಕಿಟ್ಟೆಲರ ನಿಘಂಟು 1894ರಲ್ಲಿಯೂ ಹೊರಬಂದದ್ದು ಈ ಊರಿನಿಂದಲೇ. ನನ್ನ ಅಜ್ಜ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದರು. ತಂದೆ ಸ್ವಂತವಾಗಿ ಒಂದು ಟ್ರೆಡಲ್ ಯಂತ್ರ ಹಾಕಿಕೊಂಡರು. ಅಣ್ಣ ಮತ್ತು ನಾನು ಸೇರಿ ಅದನ್ನು ಆಫ್‌ಸೆಟ್ ಮುದ್ರಣಾಲಯವಾಗಿ ಬೆಳೆಸಿದೆವು. ಹೊಸ ಯಂತ್ರಕ್ಕೆ ಸಾಲ ತೆಗೆದ ಮರುವರ್ಷವೇ, 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಬಂತು. ನಮ್ಮಂಥ ಸಣ್ಣ ಪ್ರೆಸ್ಸಿನವರಿಗೆ ವರ್ಷದ ಗಳಿಕೆ ಎಂದರೆ ಏಪ್ರಿಲ್ ಮತ್ತು ಮೇ ತಿಂಗಳ ಲಗ್ನಪತ್ರಿಕೆಗಳು, ದೈವದ ನೇಮೋತ್ಸವದ ಕರೆಯೋಲೆಗಳು, ಶಾಲೆ ತೆರೆಯುವ ಹೊತ್ತಿನ ಡೈರಿ ಮತ್ತು ರಸೀದಿ ಪುಸ್ತಕಗಳು. ಅವೆಲ್ಲ ಒಮ್ಮೆಗೇ ನಿಂತವು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡುವ ಸೌಲಭ್ಯ ಸಿಕ್ಕಿತಾದರೂ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ಮುಂದಿನ ಮದುವೆಯ ಋತುವಿನಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅಣ್ಣ ಧೈರ್ಯ ಹೇಳುತ್ತಿದ್ದ. ಆ ಋತು ಬಂದಾಗ, 2021ರ ಏಪ್ರಿಲ್ ಕೊನೆಗೆ, ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಜಾರಿಯಾದವು. ಅಣ್ಣನಿಗೆ ಜ್ವರ ಬಂದದ್ದೂ ಆಗಲೇ.

ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಶವವನ್ನು ಮನೆಯಲ್ಲಿಟ್ಟು, ನೆರೆಕರೆಯವರೆಲ್ಲ ಕೂಡಿ ಸಂಗೀತ ಪುಸ್ತಕದಿಂದ ಹಾಡಿ, ದೇವಾಲಯದಲ್ಲಿ ಆರಾಧನೆ ನಡೆಸಿ, ಸಮಾಧಿ ಸ್ಥಳಕ್ಕೆ ನಡೆದುಕೊಂಡೇ ಹೋಗುವ ವಾಡಿಕೆಯಿದೆ. ಅಣ್ಣನ ವಿಷಯದಲ್ಲಿ ಅವುಗಳಲ್ಲಿ ಒಂದೂ ನಡೆಯಲಿಲ್ಲ. ಮೈತುಂಬ ರಕ್ಷಣಾ ಉಡುಪು ತೊಟ್ಟ ನಾಲ್ವರು ಪೆಟ್ಟಿಗೆಯನ್ನು ಹಗ್ಗದಿಂದ ಇಳಿಸಿದರು; ಸಭಾಪಾಲಕರು ದೂರದಲ್ಲಿ ನಿಂತು ಮಾಸ್ಕಿನೊಳಗಿಂದ ಓದಿದ ವಾಕ್ಯ ಗಾಳಿಗೆ ಅರ್ಧ ಹಾರಿಹೋಯಿತು. ಅತ್ತಿಗೆ ಸೋಂಕು ತಗಲಿ ಮನೆಯಲ್ಲೇ ಉಳಿಯಬೇಕಾಗಿತ್ತು. ಮಣ್ಣಿಗಿಡುವುದನ್ನು ಅವರು ನನ್ನ ಮಗನ ಫೋನಿನಲ್ಲಿ ನೋಡಿದರು.

ಮುಂದಿನ ತಿಂಗಳುಗಳ ನೆನಪು ನನಗೆ ಸರಿಯಾಗಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ, ಊಟ ರುಚಿಸುತ್ತಿರಲಿಲ್ಲ, ಸ್ನಾನ ಮಾಡುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಪ್ರೆಸ್ಸಿಗೆ ಹೋಗಿ ಶಟರ್ ಅರ್ಧ ಎತ್ತಿ ಒಳಗೆ ಕುಳಿತು, ಯಾರಾದರೂ ಬಂದರೆ ಮಾತಾಡಬೇಕಲ್ಲ ಎಂಬ ಹೆದರಿಕೆಯಿಂದ ಮತ್ತೆ ಕೆಳಗೆಳೆಯುತ್ತಿದ್ದೆ. ಕ್ರಮೇಣ ಬದುಕುವುದೇ ಬೇಡವೆನ್ನುವ ಯೋಚನೆ ಬರತೊಡಗಿತು. ಅದು ಬಂದಾಗ ದುಃಖವಾಗುತ್ತಿರಲಿಲ್ಲ, ಹಾಯೆನಿಸುತ್ತಿತ್ತು. ಈ ಕಾಯಿಲೆಯ ಅತ್ಯಂತ ಅಪಾಯದ ಮುಖ ಅದೇ ಎಂದು ಆಮೇಲೆ ವೈದ್ಯರು ತಿಳಿಸಿದರು.

ಸಮಾಧಾನ ಹೇಳಲು ಬಂದವರಿಗೆ ಕೊರತೆಯಿರಲಿಲ್ಲ. ‘ದೇವರ ಚಿತ್ತ, ನಾವೇನು ಮಾಡಲಾಗುತ್ತದೆ’ ಎಂದವರು ಹಲವರು. ‘ದೇವರು ತನಗೆ ಬೇಕಾದ ಹೂವನ್ನು ಕಿತ್ತುಕೊಳ್ಳುತ್ತಾನೆ’ ಎಂದ ಹಿರಿಯರೊಬ್ಬರಿಗೆ ಅತ್ತಿಗೆ, ‘ಹಾಗಾದರೆ ಅವನ ತೋಟದಲ್ಲಿ ಹೂವಿಲ್ಲವೇ?’ ಎಂದು ಕೇಳಿದರು. ಅವರು ಮತ್ತೆ ಆ ಮಾತೆತ್ತಲಿಲ್ಲ. ಸಂಬಂಧಿಕರೊಬ್ಬರು ಒತ್ತಾಯಿಸಿ ನನ್ನನ್ನು ಊರ ಹೊರಗಿನ ಒಂದು ಪ್ರಾರ್ಥನಾಕೂಟಕ್ಕೆ ಕರೆದೊಯ್ದರು. ಅಲ್ಲಿ ತಲೆಯ ಮೇಲೆ ಕೈಯಿಟ್ಟವರು, ವ್ಯಾಪಾರ ಬಿದ್ದುಹೋದದ್ದಕ್ಕೂ ಮನೆಯಲ್ಲಿ ಸಾವಾದದ್ದಕ್ಕೂ ಯಾವುದೋ ಬಚ್ಚಿಟ್ಟ ಪಾಪವೇ ಕಾರಣವೆಂದೂ, ಅದನ್ನು ಅರಿಕೆ ಮಾಡಿದರೆ ತಿಂಗಳೊಳಗೆ ಸಾಲ ತೀರುವುದೆಂದೂ ಗಟ್ಟಿಯಾಗಿ ಸಾರಿದರು. ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಗ್ರಂಥವನ್ನು ಒಮ್ಮೆಯಾದರೂ ಪೂರ್ತಿ ಓದಿದವರು ಇಂಥ ಮಾತಾಡಲಾರರು. ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ಹುಡುಕಲು ಹೊರಟ ಮೇಲೆ ಕೆಟ್ಟರು, ಮತ್ತು ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾದದ್ದು ದೂರುತ್ತಿದ್ದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸುತ್ತಿದ್ದ ಈ ಗೆಳೆಯರ ಮೇಲೆ.

ನಮ್ಮ ಸಭಾಪಾಲಕರು, ನಾವೆಲ್ಲ ಅಯ್ಯನವರು ಎಂದು ಕರೆಯುವ ಅವರು, ಮನೆಗೆ ಬಂದಾಗ ಬೈಬಲನ್ನು ಕೈಚೀಲದಿಂದ ಹೊರಗೆ ತೆಗೆಯಲಿಲ್ಲ. ನಿದ್ರೆ ಬರುತ್ತದೆಯೇ, ಊಟ ಮಾಡುತ್ತೀರಾ ಎಂದು ವಿಚಾರಿಸಿದರು. ಆಮೇಲೆ, ಪಕ್ಕದ ಮನೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿ, ಆದರೆ ಸುತ್ತುಬಳಸಿಲ್ಲದೆ, ‘ಸಾಯಬೇಕು ಅಂತ ಅನಿಸುತ್ತದೆಯೇ?’ ಎಂದು ಕೇಳಿದರು. ಅಷ್ಟು ನೇರವಾಗಿ ಅದನ್ನು ಯಾರೂ ಕೇಳಿರಲಿಲ್ಲ. ಹೌದೆಂದೆ. ಅವರು ಗಾಬರಿಯಾಗಲಿಲ್ಲ, ಅದು ಮಹಾಪಾಪವೆಂದೂ ಹೇಳಲಿಲ್ಲ. ಪ್ರವಾದಿ ಎಲೀಯನ ಕಥೆ ನೆನಪಿದೆಯೇ ಎಂದರು.

ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದ್ದು ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿಯಿಳಿಸಿದ ಎಲೀಯನನ್ನು. ಅದರ ಮುಂದಿನ ಅಧ್ಯಾಯವನ್ನು, ಒಂದನೇ ಅರಸುಗಳು ಗ್ರಂಥದ 19ನೆಯದನ್ನು, ಮಕ್ಕಳಿಗೆ ಅಷ್ಟಾಗಿ ಹೇಳುವುದಿಲ್ಲ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅದೇ ಎಲೀಯನು ಬೇರ್ಷೆಬಕ್ಕೆ ಓಡಿ, ಅಲ್ಲಿಂದ ಒಂದು ದಿನದ ದಾರಿಯಷ್ಟು ಮರುಭೂಮಿಯೊಳಗೆ ಹೋಗಿ, ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ದೇವರು ಅವನಿಗೆ ಉಪದೇಶ ಮಾಡುವುದಿಲ್ಲ. ದೂತನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತೋರಿಸುತ್ತಾನೆ. ಎಲೀಯನು ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಹಾಗೆಯೇ. ಮಾತುಕತೆ ನಡೆಯುವುದು ಅದಾಗಿ ನಲವತ್ತು ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ. ‘ಮೊದಲು ನಿದ್ರೆ, ಮೊದಲು ರೊಟ್ಟಿ. ನಾಳೆ ನನ್ನ ಜೊತೆ ಡಾಕ್ಟರ ಹತ್ತಿರ ಬನ್ನಿ, ದೇವರ ಮಾತು ಆಮೇಲೆ ನೋಡಿಕೊಳ್ಳೋಣ’ ಎಂದು ಅಯ್ಯನವರು ಎದ್ದರು. ಮರುದಿನ ಬೆಳಿಗ್ಗೆ ಅವರೇ ಸ್ಕೂಟರಿನಲ್ಲಿ ಬಂದು ಕರೆದೊಯ್ದರು.

ಮನೋವೈದ್ಯರು ಖಿನ್ನತೆಯೆಂದು ಹೇಳಿ ಮಾತ್ರೆ ಕೊಟ್ಟರು. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಷ್ಟರೊಳಗೆ ನಿಲ್ಲಿಸಬಾರದು, ಸುಧಾರಿಸಿದ ಮೇಲೂ ತಾನಾಗಿ ಬಿಡಬಾರದು ಎಂದು ಎಚ್ಚರಿಸಿದರು. ನಿದ್ರೆ ಮೊದಲು ಮರಳಿತು. ಮಾತ್ರೆಯ ಸುದ್ದಿ ಹೇಗೋ ಹೊರಗೆ ಗೊತ್ತಾಗಿ, ವಿಶ್ವಾಸವಿದ್ದವನಿಗೆ ತಲೆಯ ಮಾತ್ರೆ ಯಾಕೆ ಎಂದು ಒಬ್ಬಿಬ್ಬರು ಆಡಿಕೊಂಡರು. ಲೂಕನು ವೈದ್ಯನಾಗಿದ್ದನು, ಪೌಲನು ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ದ್ರಾಕ್ಷಾರಸ ತೆಗೆದುಕೋ ಎಂದು ಪತ್ರ ಬರೆದನು, ಕೈಯಿಟ್ಟು ಪ್ರಾರ್ಥಿಸಿದರೆ ಸಾಕು ಎಂದು ಬರೆಯಲಿಲ್ಲ ಎಂದು ನನ್ನ ಹೆಂಡತಿ ಅವರ ಬಾಯಿ ಮುಚ್ಚಿಸಿದಳು. ವಿಶ್ವಾಸ ಮತ್ತು ಔಷಧಿಯ ನಡುವೆ ಜಗಳ ಹಚ್ಚುವವರು ಮಧುಮೇಹಕ್ಕೆ ಮಾತ್ರೆ ನುಂಗುವಾಗ ಆ ಜಗಳವನ್ನು ಮರೆಯುತ್ತಾರೆಂಬುದನ್ನು ನಾನು ಗಮನಿಸಿದ್ದೇನೆ. ಈಗಂತೂ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಎಂಬ ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬೆಳಗಿನ ಜಾವ ಮೂರು ಗಂಟೆಯ ಎಚ್ಚರ ಏನೆಂದು ಬಲ್ಲವರು ಅದನ್ನು ಬರೆದಿಟ್ಟುಕೊಳ್ಳಲಿ.

ಮಾತ್ರೆ ನನ್ನನ್ನು ನಿಲ್ಲಿಸಿತು. ಆದರೆ ನಿಂತವನು ಯಾವ ಕಡೆಗೆ ಮುಖ ಮಾಡಬೇಕೆಂಬುದು ಗೊತ್ತಿರಲಿಲ್ಲ. ದೇವರೊಡನೆ ನನ್ನ ಮಾತು ನಿಂತೇಹೋಗಿತ್ತು. ಹೊಗಳಲು ಮನಸ್ಸಿಲ್ಲ, ಕೃತಜ್ಞತೆ ಹೇಳಲು ಕಾರಣವಿಲ್ಲ, ಬೇಡಿಕೊಂಡದ್ದು ಸಿಕ್ಕಿಲ್ಲ. ಇನ್ನು ಪ್ರಾರ್ಥನೆಯೆಂದು ಏನು ಮಾಡುವುದು? ನಮ್ಮ ಆರಾಧನೆಗಳಲ್ಲಿ ಸ್ತುತಿಗೆ, ಪಾಪದರಿಕೆಗೆ, ವಿಜ್ಞಾಪನೆಗೆ ಜಾಗವಿದೆ. ದೂರಿಗೆ ಜಾಗವಿದೆಯೆಂದು ನನಗೆ ಯಾರೂ ತೋರಿಸಿರಲಿಲ್ಲ.

2022ರ ಶ್ರಮಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮಾರ್ಚ್ 2ರ ಬೂದಿ ಬುಧವಾರದಂದು ಆರಂಭವಾಯಿತು. ಅದಾಗಿ ಕೆಲವು ದಿನಗಳಲ್ಲಿ ಅಯ್ಯನವರು ಪ್ರೆಸ್ಸಿಗೆ ಬಂದು, ಶುಭಶುಕ್ರವಾರದ ಆರಾಧನಾ ಕ್ರಮವನ್ನು ಅಚ್ಚು ಹಾಕಿಕೊಡಬೇಕೆಂದರು. ಪ್ರತಿ ವರ್ಷ ಅದು ನಮ್ಮಲ್ಲೇ ಆಗುತ್ತಿದ್ದ ಕೆಲಸ. ಆದರೂ ಈ ಸಲ ನನ್ನನ್ನು ಮತ್ತೆ ಕೆಲಸಕ್ಕೆ ಹಚ್ಚುವ ಉದ್ದೇಶ ಅವರಿಗಿತ್ತೆಂದೇ ನನ್ನ ಅನಿಸಿಕೆ. ಶಿಲುಬೆಯ ಮೇಲಿನ ಏಳು ಮಾತುಗಳು, ನಡುನಡುವೆ ಹಾಡು, ಮತ್ತು ಬೈಬಲಿನ ಕೀರ್ತನೆಗಳ ಗ್ರಂಥದ 22ನೇ ಕೀರ್ತನೆ ಪೂರ್ತಿಯಾಗಿ. ಪಠ್ಯ ಯುನಿಕೋಡ್‌ನಲ್ಲಿತ್ತು. ಅದನ್ನು ನಮ್ಮ ಹಳೆಯ ನುಡಿ ಫಾಂಟಿಗೆ ಬದಲಾಯಿಸಿದರೆ ಒತ್ತಕ್ಷರಗಳು ಜಾಗ ತಪ್ಪುತ್ತವೆ, ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. ಹಾಗಾಗಿ ಒಂದೊಂದು ಅಕ್ಷರವನ್ನೂ ಮೂಲದೊಡನೆ ತಾಳೆ ನೋಡಬೇಕು. ಆ ಕೆಲಸಕ್ಕೆ ಇಬ್ಬರು ಬೇಕು: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫ್ ಮೇಲೆ ಪೆನ್ಸಿಲ್ ಓಡಿಸಬೇಕು. ಓದುವವನು ಯಾವಾಗಲೂ ಅಣ್ಣನಾಗಿದ್ದ. ಆ ದಿನ ಅತ್ತಿಗೆ ತಾವಾಗಿಯೇ ಬಂದು ಅವನ ಕುರ್ಚಿಯಲ್ಲಿ ಕುಳಿತು ಬೈಬಲ್ ತೆರೆದರು.

ಪ್ರೂಫ್ ಓದುವ ಕ್ರಮದಲ್ಲಿ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು. ಅತ್ತಿಗೆ, ಮದುವೆಯಾಗಿ ಬಂದಂದಿನಿಂದ ಅಣ್ಣ ಓದುವುದನ್ನು ಕೇಳಿದ್ದವರು, ಅವನ ಧಾಟಿಯಲ್ಲೇ ಓದಿದರು: ‘ನನ್ನ ದೇವರೇ ಅಲ್ಪವಿರಾಮ, ನನ್ನ ದೇವರೇ ಅಲ್ಪವಿರಾಮ, ಯಾಕೆ ನನ್ನನ್ನು ಕೈಬಿಟ್ಟಿದ್ದೀ, ಪ್ರಶ್ನಾರ್ಥಕ.’ ಆ ಕೊನೆಯ ಪದದ ಹತ್ತಿರ ಅವರ ಓದು ನಿಂತಿತು. ನಾನು ಪೆನ್ಸಿಲ್ ಹಿಡಿದು ಆ ಚಿಹ್ನೆಯನ್ನು ನೋಡಿದೆ. ಅದು ಪ್ರೂಫಿನಲ್ಲಿ ಸರಿಯಾಗಿಯೇ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ‘ಮುಂದೆ ಓದಲಾ?’ ಎಂದರು, ಓದಿ ಅಂದೆ. ಹಗಲು ಕೂಗಿದರೂ ಉತ್ತರವಿಲ್ಲ, ರಾತ್ರಿ ಕೂಗಿದರೂ ನೆಮ್ಮದಿಯಿಲ್ಲ. ಹುಳವೇ ಹೊರತು ಮನುಷ್ಯನಲ್ಲ. ಎಲುಬುಗಳೆಲ್ಲ ಕೀಲು ತಪ್ಪಿವೆ. ಹೃದಯ ಮೇಣದಂತೆ ಕರಗಿದೆ. ಮುಂಚೆ ಈ ಕೀರ್ತನೆಯನ್ನು ಎಷ್ಟೋ ಬಾರಿ ಅಚ್ಚು ಹಾಕಿದ್ದೆ. ಇದು ಯೇಸುವಿನ ಶ್ರಮೆಯ ಪ್ರವಾದನೆ ಎಂದಷ್ಟೇ ಕಲಿತಿದ್ದರಿಂದ, ಇದು ಒಬ್ಬ ಮನುಷ್ಯನ ದೂರೂ ಹೌದೆಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಮತ್ತಾಯನೂ ಮಾರ್ಕನೂ ಬರೆದಂತೆ, ದೇವರ ಕುಮಾರನೇ ಸಾಯುವ ಹೊತ್ತಿಗೆ ಬಾಯಿಗೆ ತಂದುಕೊಂಡದ್ದು ಈ ದೂರಿನ ಮೊದಲ ಸಾಲನ್ನು. ಅವನು ಕೇಳಬಹುದಾದ ಪ್ರಶ್ನೆಯನ್ನು ನಾನು ಕೇಳಬಾರದೆಂದು ಹೇಳಲು ಇವರು ಯಾರು ಎಂದು ನನಗೆ ಆಗ ಅನಿಸಿತು.

ಈ ಮಾತನ್ನು ಅಯ್ಯನವರಿಗೆ ಹೇಳಿದಾಗ ಅವರು ಸಂತೋಷಪಟ್ಟು, ಒಂದು ಚೀಟಿಯಲ್ಲಿ ಕೆಲವು ಅಂಕಿಗಳನ್ನು ಬರೆದುಕೊಟ್ಟರು: 13, 42, 77, 88, 130. ದಿನಕ್ಕೊಂದನ್ನು ಗಟ್ಟಿಯಾಗಿ ಓದಿ, ಅರ್ಥ ಹುಡುಕಬೇಡಿ, ಸಮಾಧಾನ ಬರಲಿಲ್ಲವೆಂದು ಬೇಸರಿಸಬೇಡಿ ಎಂದರು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಂಥ ಪ್ರಲಾಪಗಳೇ ಎಂಬುದು ಅವರಿಂದ ತಿಳಿಯಿತು. 13ನೆಯದು ಬರಿಯ ಆರು ವಚನಗಳದ್ದು. ಅದರ ಮೊದಲ ಎರಡು ವಚನಗಳಲ್ಲಿ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ. 77ರಲ್ಲಿ ಆಸಾಫನು, ನೀನೇ ನನ್ನ ರೆಪ್ಪೆ ಮುಚ್ಚಗೊಡುವುದಿಲ್ಲ ಎಂದು ನಿದ್ರೆಗೆಟ್ಟ ರಾತ್ರಿಯ ಹೊಣೆಯನ್ನು ದೇವರ ಮೇಲೆಯೇ ಹೊರಿಸುತ್ತಾನೆ. ಇಂಥ ಕೀರ್ತನೆಗಳಿಗೆ ಬಹುಮಟ್ಟಿಗೆ ಒಂದು ನಡೆಯಿದೆ. ಮೊದಲು ಹೆಸರು ಹಿಡಿದು ಕರೆಯುವುದು, ಆಮೇಲೆ ದೂರು, ಅದಾದ ಮೇಲೆ ಇಂಥದ್ದನ್ನು ಮಾಡು ಎಂಬ ಬೇಡಿಕೆ, ಕೊನೆಗೆ ಎಲ್ಲಿಂದಲೋ ಒಂದು ಭರವಸೆಯ ಸಾಲು. ಆ ಕೊನೆಯ ತಿರುವು ಯಾಕೆ ಬರುತ್ತದೆಂದು ಕೀರ್ತನೆಗಾರ ಹೇಳುವುದೇ ಇಲ್ಲ. ಹೊರಗಿನ ಪರಿಸ್ಥಿತಿ ಬದಲಾದ ಸುಳಿವೂ ಇರುವುದಿಲ್ಲ.

88ನೆಯದರಲ್ಲಿ ಆ ತಿರುವೂ ಇಲ್ಲ. ದೇವಾಲಯದ ಗಾಯಕರಾದ ಕೋರಹೀಯರ ಈ ಕೀರ್ತನೆ ಕತ್ತಲೆಯಲ್ಲಿ ಆರಂಭವಾಗಿ, ಆಪ್ತರೆಲ್ಲ ದೂರವಾದರು ಎಂದು ಕತ್ತಲೆಯಲ್ಲೇ ಮುಗಿಯುತ್ತದೆ. ವಿಚಿತ್ರವೆಂದರೆ ನನಗೆ ಅತಿ ಹೆಚ್ಚು ಆಸರೆಯಾದದ್ದು ಇದೇ. ಇಷ್ಟೊಂದು ಕತ್ತಲೆಯ ಹಾಡನ್ನು ಯಾರೋ ಬರೆದರು, ಅದನ್ನು ದೇವಾಲಯದಲ್ಲಿ ಹಾಡಿದರು, ಕೊನೆಯಲ್ಲಿ ಒಂದು ಒಳ್ಳೆಯ ಸಾಲು ಸೇರಿಸೋಣವೆಂದು ತಿದ್ದಲು ಹೋಗದೆ ತಲೆಮಾರುಗಳ ಕಾಲ ನಕಲು ಮಾಡಿದರು, ಮುದ್ರಣ ಬಂದ ಮೇಲೆ ನನ್ನ ಅಜ್ಜನಂಥವರು ಮೊಳೆ ಮೊಳೆಯಾಗಿ ಜೋಡಿಸಿದರು. ಸಮಾಧಾನವಿಲ್ಲದ ಮನುಷ್ಯನೂ ಸಭೆಯೊಳಗಿನವನೇ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಇದನ್ನು ಓದುವಾಗ ನಾನು ದೇವರಿಂದ ದೂರವಿದ್ದೇನೆಂದು ಹೇಳುತ್ತಿದ್ದೆ ನಿಜ, ಆದರೆ ಹೇಳುತ್ತಿದ್ದದ್ದು ಅವನಿಗೇ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿಯೇ, ಆಸ್ಯ ಸೀಮೆಯಲ್ಲಿ ಬಂದ ಕಷ್ಟದಿಂದ ಬದುಕುವ ಆಸೆಯನ್ನೇ ಬಿಟ್ಟುಬಿಟ್ಟಿದ್ದೆವು ಎಂದು ಒಪ್ಪಿಕೊಂಡಿರುವುದನ್ನೂ ಆ ದಿನಗಳಲ್ಲೇ ಗಮನಿಸಿದೆ. ನಮ್ಮ ಪ್ರಸಂಗಗಳಲ್ಲಿ ಆ ವಚನ ಯಾಕೆ ಕೇಳಿಬರುವುದಿಲ್ಲವೋ ತಿಳಿಯದು.

ಶ್ರಮಕಾಲದ ನಡುವೆ ಒಂದು ದಿನ ಆ ನಡೆಯನ್ನೇ ಹಿಡಿದು ನನ್ನದೊಂದು ಪ್ರಲಾಪವನ್ನು ರದ್ದಿ ಕಾಗದದ ಬೆನ್ನ ಮೇಲೆ ಬರೆದೆ. ಅಣ್ಣನ ಹೆಸರು ಬರೆದೆ, ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ಬರೆದೆ, ಬ್ಯಾಂಕಿನ ನೋಟಿಸಿನಲ್ಲಿದ್ದ ಮೊತ್ತವನ್ನು ರೂಪಾಯಿ ಪೈಸೆಯ ಸಮೇತ ಬರೆದೆ. ಭರವಸೆಯ ಸಾಲಿನ ಜಾಗವನ್ನು ಖಾಲಿ ಬಿಟ್ಟೆ, ಬರದದ್ದನ್ನು ಬಂದಂತೆ ಬರೆಯಲು ಮನಸ್ಸಾಗಲಿಲ್ಲ. ಅದನ್ನು ಅಯ್ಯನವರಿಗೆ ತೋರಿಸಿದಾಗ, ಖಾಲಿ ಜಾಗ ಬಿಟ್ಟಿದ್ದೀರಲ್ಲ, ಅಂದರೆ ಅಲ್ಲಿ ಏನೋ ಬರಬಹುದೆಂದು ಕಾಯುತ್ತಿದ್ದೀರಿ ಎಂದರು. ವಿಶ್ವಾಸ, ನಿರೀಕ್ಷೆ, ಪ್ರೀತಿ ಈ ಮೂರು ನಿಲ್ಲುತ್ತವೆ ಎಂಬ ವಚನ ನಮ್ಮ ಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ. ನಿರೀಕ್ಷೆಯೆಂದರೆ ಒಳ್ಳೆಯದಾಗುತ್ತದೆಂಬ ಖಾತರಿಯ ಭಾವನೆ ಎಂದುಕೊಂಡಿದ್ದ ನನಗೆ, ಏನೂ ಅನಿಸದಿದ್ದಾಗಲೂ ಜಾಗ ಬಿಟ್ಟಿರುವುದೂ ಅದೇ ಇರಬಹುದೆಂದು ತೋರಿದ್ದು ಆಗ.

ಏಪ್ರಿಲ್ 15ರ ಶುಭಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆಗೆ ಹೋದೆ. ನಾಲ್ಕನೆಯ ಮಾತಿನ ಹೊತ್ತಿಗೆ 22ನೇ ಕೀರ್ತನೆಯನ್ನು ಇಡೀ ಸಭೆ ಒಟ್ಟಾಗಿ ಓದಿತು. ಕೊರೋನಾದ ಆ ಎರಡು ಅಲೆಗಳಲ್ಲಿ ಮನೆಯವರನ್ನು ಕಳೆದುಕೊಂಡವರು ನನ್ನ ಸುತ್ತಲೂ ಇದ್ದರು. ಎಲ್ಲರ ಕೈಯಲ್ಲೂ ನಾವು ಮುದ್ರಿಸಿದ ಹಾಳೆಯಿತ್ತು. ಆ ಕೀರ್ತನೆ 22ನೆಯ ವಚನದಲ್ಲಿ ತಿರುಗುತ್ತದೆ, ಮತ್ತು ತಿರುಗುವುದು ಒಂಟಿಯಾಗಿ ಅಲ್ಲ, ಸಹೋದರರ ನಡುವೆ, ಸಭಾಮಧ್ಯದಲ್ಲಿ. ಅಲ್ಲಿಗೆ ಬರುವಾಗ ನನ್ನ ಗಂಟಲು ಕಟ್ಟಿತು, ಓದಲಾಗಲಿಲ್ಲ. ನಾನು ನಿಲ್ಲಿಸಿದರೂ ಓದು ನಿಲ್ಲಲಿಲ್ಲ. ಹಿಂದಿನ ಸಾಲಿನ ಮುದುಕಿಯೊಬ್ಬರು ಎಲ್ಲರಿಗಿಂತ ಅರ್ಧ ಪದ ಹಿಂದೆ ಉಳಿದು, ಆದರೂ ಬಿಡದೆ, ಓದಿ ಮುಗಿಸಿದರು. ಒಬ್ಬನ ಕೈಲಾಗದ ದಿನ ಉಳಿದವರು ಅವನ ಪರವಾಗಿ ನಂಬುತ್ತಾರೆಂಬ ಮಾತನ್ನು ಉಪದೇಶದಲ್ಲಿ ಕೇಳಿದ್ದೆ. ಅದು ಹೇಗೆ ನಡೆಯುತ್ತದೆಂದು ಅಂದು ಕಿವಿಯಾರೆ ಕೇಳಿಸಿಕೊಂಡೆ.

ಪುನರುತ್ಥಾನದ ಭಾನುವಾರ ನಸುಕಿನಲ್ಲಿ ಸಭೆ ಸಮಾಧಿ ಸ್ಥಳದಲ್ಲಿ ಕೂಡಿತು. ಅಣ್ಣನನ್ನು ಮಣ್ಣಿಗಿಡುವಾಗ ಹಾಡಲಾಗದ ಹಾಡುಗಳನ್ನು ಅಂದು ಹಾಡಿದೆವು. ಅಯ್ಯನವರು ಆ ಎರಡು ವರ್ಷಗಳಲ್ಲಿ ಹಾಡಿಲ್ಲದೆ ಮಣ್ಣಾದವರೆಲ್ಲರ ಹೆಸರುಗಳನ್ನು ಓದಿದರು. ಎದ್ದು ಬಂದ ಕ್ರಿಸ್ತನ ಕೈಗಳಲ್ಲಿ ಗಾಯದ ಗುರುತು ಉಳಿದೇ ಇತ್ತು, ತೋಮನಿಗೆ ಅವನು ತೋರಿಸಿದ್ದು ಅದನ್ನೇ ಎಂಬುದಷ್ಟು ಅವರ ಪ್ರಸಂಗದಿಂದ ನನಗೆ ನೆನಪಿದೆ. ನೋವು ಅಳಿಸಿಹೋಗಬೇಕೆಂದು ನಾನು ಕಾಯುತ್ತಿದ್ದೆ. ಅಳಿಸದೆಯೇ ಬದುಕಬಹುದೆಂಬ ಮಾತು ನನಗೆ ಹೆಚ್ಚು ನಂಬಲರ್ಹವೆನಿಸಿತು.

ಸಾಲ ತಿಂಗಳೊಳಗೆ ತೀರಲಿಲ್ಲ. ಬ್ಯಾಂಕಿನವರೊಡನೆ ಕುಳಿತು ಅವಧಿ ಹೆಚ್ಚಿಸಿಕೊಂಡು, ಹಳೆಯ ಕಟಿಂಗ್ ಯಂತ್ರವನ್ನು ಮಾರಿ, ಕಂತು ಕಟ್ಟುತ್ತ ಬಂದಿದ್ದೇವೆ, ಇನ್ನೂ ಕಟ್ಟುತ್ತಿದ್ದೇವೆ. ಲಗ್ನಪತ್ರಿಕೆಯ ಕೆಲಸ ಮೊದಲಿನಷ್ಟು ಇಲ್ಲ, ಜನ ಮೊಬೈಲಿನಲ್ಲೇ ಕರೆಯುತ್ತಾರೆ. ಮಾತ್ರೆಗಳನ್ನು ವೈದ್ಯರೇ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಮಳೆಗಾಲದ ಕೆಲವು ವಾರಗಳಲ್ಲಿ ಹಳೆಯ ಭಾರ ಮರಳುವುದುಂಟು. ಆಗ ನಾನು ಅಡಗಿಸಿಡದೆ ಹೆಂಡತಿಗೆ ಹೇಳುತ್ತೇನೆ, ಬೇಕಾದರೆ ವೈದ್ಯರಲ್ಲಿಗೆ ಹೋಗುತ್ತೇನೆ, ಚೀಟಿಯ ಅಂಕಿಗಳ ಪ್ರಕಾರ ಓದುತ್ತೇನೆ. ಈ ಮೂರರಲ್ಲಿ ಯಾವುದು ನನ್ನನ್ನು ಹಿಡಿದು ನಿಲ್ಲಿಸುತ್ತದೆಂದು ಬೇರ್ಪಡಿಸಿ ಹೇಳಲಾರೆ, ಬೇರ್ಪಡಿಸುವ ಅಗತ್ಯವೂ ನನಗೆ ಕಾಣುವುದಿಲ್ಲ.

ನಮ್ಮ ಸಭೆಯಲ್ಲಿ ಈಗ ತಿಂಗಳಿಗೊಂದು ಸಂಜೆ ಪ್ರಲಾಪದ ಕೀರ್ತನೆಗಳನ್ನು ಓದುವ ಕೂಟ ನಡೆಯುತ್ತದೆ. ಪ್ರಸಂಗವಿಲ್ಲ, ಸಾಕ್ಷಿ ಹೇಳುವುದಿಲ್ಲ, ಯಾರಿಗೂ ಯಾರೂ ಬುದ್ಧಿ ಹೇಳಬಾರದೆಂಬುದು ಕಟ್ಟುನಿಟ್ಟು. ಒಂದು ಕೀರ್ತನೆಯನ್ನು ಎರಡು ಸಲ ಓದಿ, ಹೇಳಬೇಕೆನಿಸಿದವರು ತಮ್ಮ ದೂರು ಹೇಳಿ, ಕರ್ತನ ಪ್ರಾರ್ಥನೆಯೊಂದಿಗೆ ಏಳುತ್ತೇವೆ. ಆಮೇಲೆ ಚಹಾ ಇರುತ್ತದೆ. ಬರುವವರು ಹೆಚ್ಚಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಬರುತ್ತಾರೆ, ಕೆಲಸ ಹೋದ ಹುಡುಗನೊಬ್ಬ ಬರುತ್ತಾನೆ, ಒಮ್ಮೊಮ್ಮೆ ದೇವಾಲಯದ ಎದುರಿನ ಅಂಗಡಿಯ ಹಿಂದೂ ಗೆಳೆಯರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅತ್ತಿಗೆ ಕೂಟಕ್ಕೆ ಬರುವುದಿಲ್ಲ. ದೇವರ ಮೇಲೆ ನನ್ನ ಸಿಟ್ಟು ಇನ್ನೂ ಮುಗಿದಿಲ್ಲ, ಮುಗಿದಾಗ ಬರುತ್ತೇನೆ ಅನ್ನುತ್ತಾರೆ. ಮುಗಿಯದವರಿಗಾಗಿಯೇ ಈ ಕೂಟ ಎಂದು ನಾನು ಹೇಳಿ ನೋಡಿದ್ದೇನೆ, ಅವರು ಒಪ್ಪುವುದಿಲ್ಲ. ಆದರೆ ಪ್ರತಿ ತಿಂಗಳ ಹಾಳೆಯ ಪ್ರೂಫನ್ನು ಓದುವವರು ಅವರೇ. ಹಿಂದಿನ ಸಲ 42ನೆಯದರಲ್ಲಿ ನಾನು ಗಮನಿಸದೆ ಬಿಟ್ಟಿದ್ದ ಎರಡು ಅಕ್ಷರದ ತಪ್ಪುಗಳನ್ನು ಹಿಡಿದುಕೊಟ್ಟರು.